ಅಂಟಾರ್ಕ್ಟಿಕಾ ಹಡಗಿನ ಮೊದಲ ದಿನ

ಅರ್ಜೆಂಟೀನಾದ ದಕ್ಷಿಣ ತುದಿಯ ಊರು ಉಷುವಾಯಾ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಂಟಾರ್ಕ್ಟಿಕಾದ ಹೆಚ್ಚಿನ ಪ್ರವಾಸಿ ಹಡಗುಗಳು ಹೊರಡುವುದು ಇಲ್ಲಿಂದಲೇ.

ಹಡಗು ಹತ್ತಿದವರಿಗೆ ಮೊದಲು ಸುರಕ್ಷತಾ ತಾಲೀಮು. ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗಿತೆಂದರೆ ಎಲ್ಲರೂ ಗೊತ್ತುಪಡಿಸಿದ ಜಾಗಕ್ಕೆ ಬಂದು ಸೇರಬೇಕು. ಲೈಫ್ ಜಾಕೆಟ್ ಕಟ್ಟಿಕೊಳ್ಳುವುದನ್ನು ಅಲ್ಲೇ ಕಲಿಸುತ್ತಾರೆ.

ಸಂಜೆ ಹಡಗು ಬೀಗಲ್ ಚಾನೆಲ್‌ನಲ್ಲಿ ಸಾಗುತ್ತದೆ. 1833ರಲ್ಲಿ ಯುವಕ ಚಾರ್ಲ್ಸ್ ಡಾರ್ವಿನ್ ಇಲ್ಲಿನ ಹಿಮನದಿಗಳನ್ನು ಕಂಡಿದ್ದ. ಎರಡೂ ಕಡೆ ಹಿಮದ ಬೆಟ್ಟ. ನಡುವೆ ಬಹುಮಟ್ಟಿಗೆ ಶಾಂತ ನೀರು.

ಮುಂದೆ ಡ್ರೇಕ್ ಜಲಸಂಧಿ. ಭೂಮಿಯನ್ನು ಸುತ್ತುವ ಪಶ್ಚಿಮದ ಗಾಳಿಗೆ ಇಲ್ಲಿ ಅಡ್ಡ ನಿಲ್ಲುವ ನೆಲವೇ ಇಲ್ಲ, ಹಾಗಾಗಿ ಹಡಗು ಜೋರಾಗಿ ಓಲಾಡಬಹುದು. ದಾಟಲು ಸುಮಾರು ಎರಡು ದಿನ.

ಹೊರಗಿನ ಒಂದು ಬೀಜವೂ ಅಂಟಾರ್ಕ್ಟಿಕಾ ಸೇರಬಾರದು. ಹೋಗುವವರು ಬೂಟಿನ ಮಣ್ಣು, ಜೇಬಿನ ಕಸವನ್ನು ಮನೆಯಲ್ಲೇ ತೆಗೆದು ಹೊರಡಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಇಟ್ಟುಕೊಳ್ಳಿ.