ಕಾದಂಬರಿಗಳಲ್ಲಿ ಪರಿತ್ಯಕ್ತ ಗ್ರಾಮೀಣ ಸ್ತ್ರೀ

ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ರಂಡಿ ಹುಣ್ಣಿಮೆಯಂದು, ಜಮದಗ್ನಿಯ ಮರಣವನ್ನು ನೆನೆದು ಬಳೆ ಒಡೆಯುವ ಆಚರಣೆ ನಡೆಯುತ್ತದೆ. ಮುಂದೆ ಮುತ್ತೈದೆ ಹುಣ್ಣಿಮೆ ಬಂದಾಗ ದೇವಿಗೆ ಮುತ್ತೈದೆತನವು ಮರಳಿ ಪ್ರಾಪ್ತವಾಗುತ್ತದೆ. ಹೂಲಿ ಮೊದಲಾದ ಸುತ್ತಣ ಗ್ರಾಮಗಳ ಹೆಣ್ಣುಮಕ್ಕಳು ಇದನ್ನು ತಲೆತಲಾಂತರದಿಂದ ಕಂಡವರು. ದೇವಿಯ ವೈಧವ್ಯಕ್ಕೆ ಕೊನೆಯುಂಟು. ಮನೆಯ ಮೂಲೆಯಲ್ಲಿ ಬಳೆ ಕಳೆದುಕೊಂಡವಳಿಗೆ ಆ ಎರಡನೆಯ ಹುಣ್ಣಿಮೆ ಬರಲಿಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಾಲೆಯರ ಪಾಡಂತೂ ಇನ್ನೂ ದಾರುಣ. ಆ ಪದ್ಧತಿಯನ್ನು ನಿಷೇಧಿಸಲು 1982ರ ಶಾಸನವೇ ಬೇಕಾಯಿತು.

ಇಂತಹ ಸ್ತ್ರೀಯರನ್ನು ನಮ್ಮ ಕಥೆಗಾರರು ಹೇಗೆ ಚಿತ್ರಿಸಿದ್ದಾರೆ? ಅವಳಿಗಾಗಿ ಕಣ್ಣೀರು ತರಿಸುವುದು ಸುಲಭ. ಆದರೆ ಶ್ರೇಷ್ಠ ಕೃತಿಗಳಲ್ಲಿ ನೊಂದವಳು ಕನಿಕರದ ವಸ್ತುವಾಗಿಯೇ ಉಳಿಯುವುದಿಲ್ಲ. ನೊಂದ ಇನ್ನೊಬ್ಬಳಿಗೆ ಆಸರೆಯೂ ಆಗುತ್ತಾಳೆ.

ಪ್ರೇಮಚಂದರ 'ಗೋದಾನ'ದಲ್ಲಿ (1936) ಬಡ ರೈತನ ಹೆಂಡತಿ ಧನಿಯಾ, ತನ್ನ ಮಗನೇ ಕೈಬಿಟ್ಟು ಓಡಿದ ಗರ್ಭಿಣಿ ವಿಧವೆ ಝುನಿಯಾಳನ್ನು ಮನೆಯೊಳಗೆ ಕರೆದುಕೊಳ್ಳುತ್ತಾಳೆ. ಪಂಚರು ದಂಡ ವಿಧಿಸಿ ಮನೆತನವನ್ನು ಇನ್ನಷ್ಟು ದಾರಿದ್ರ್ಯಕ್ಕೆ ನೂಕಿದರೂ ಅವಳು ಆ ಹೆಣ್ಣನ್ನು ಹೊರದೂಡುವುದಿಲ್ಲ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘ ಜೀವನದ ಕಥೆ. ಸಂಸಾರವೆಂದರೇನೆಂದು ಅರಿಯುವ ಮೊದಲೇ ಗಂಡನನ್ನು ಕಳೆದುಕೊಂಡು, ಮುಂದೆ ಕೇಶವನ್ನೂ ಕಳೆದುಕೊಂಡ ಫಣಿಯಮ್ಮ, ಮಡಿಯ ಕಟ್ಟನ್ನು ಮೀರಿ ಅನ್ಯ ಜಾತಿಯವಳ ಹೆರಿಗೆಗೆ ನೆರವಾಗುತ್ತಾಳೆ. ದಾಕ್ಷಾಯಿಣಿಯೆಂಬ ತರುಣ ವಿಧವೆ ಕೇಶಮುಂಡನಕ್ಕೆ ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲುತ್ತಾಳೆ. ತಾನು ಉಂಡ ಕಹಿಯನ್ನು ಮುಂದಿನವಳಿಗೆ ಬಡಿಸದಿರುವುದೇ ಅವಳ ತಪಸ್ಸು. ಈ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು.

ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದಲ್ಲಿ ಇದರ ವಿಪರ್ಯಾಸವನ್ನು ಕಾಣಬಹುದು. ಗರ್ಭಿಣಿಯಾದ ತರುಣ ವಿಧವೆ ಯಮುನೆಗೆ, ಅವಳು ಜೀವದಿಂದಿರುವಾಗಲೇ, ಶ್ರಾದ್ಧ ನಡೆಯುತ್ತದೆ. ಅವಳಿಗಾಗಿ ಮರುಗುವವನು ಅಸಹಾಯಕನಾದ ಬಾಲಕನೊಬ್ಬನೇ. ಕೈಹಿಡಿದೆತ್ತುವ ಇನ್ನೊಬ್ಬ ಹೆಣ್ಣಿಲ್ಲ. ಕಥೆಯ ಭೀಕರತೆ ಆ ಶೂನ್ಯದಲ್ಲಿದೆ.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 'ಸಿಂಗಾರೆವ್ವ ಮತ್ತು ಅರಮನೆ'ಯಲ್ಲಿ ದೇಸಗತಿಯ ವಾಡೆಯೊಳಗೆ ನಲುಗಿದ ಹೆಣ್ಣನ್ನು ಚಿತ್ರಿಸಿದ್ದಾರೆ. ಅವಳ ಕಥೆಯನ್ನು ಹೇಳುವವಳು ಅವಳ ಸೇವಕಿ ಶೀನಿಂಗವ್ವ. ಅರಮನೆ ಅಳಿದರೂ ಸಿಂಗಾರೆವ್ವನ ನೋವು ಆಳಿನ ನಾಲಗೆಯಲ್ಲಿ ಉಳಿಯಿತು.

ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆಯು ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ತನ್ನ ಮಾತನ್ನು ತಾನೇ ನುಡಿದಳು. ಅವಳ ಒಂದೇ ವಚನ ಇಂದು ಲಭ್ಯವಿದೆ. ಹಾಗೆ ನುಡಿಯುವ ಅವಕಾಶ ದೊರೆಯದೆ ಹೋದವರು ಅಸಂಖ್ಯಾತರು. ಅವರ ಪರವಾಗಿ ನುಡಿಯುವ ಹೊಣೆಯನ್ನು ಕಾದಂಬರಿಯು ಹೊತ್ತಿದೆ. ಪುಸ್ತಕದೊಳಗಿನ ಫಣಿಯಮ್ಮನಿಗಾಗಿ ಮರುಗಿದ ಓದುಗನು, ತನ್ನ ಓಣಿಯ ಶುಭಕಾರ್ಯದಲ್ಲಿ ಹಿಂದೆ ಸರಿದು ನಿಂತವಳನ್ನು ಮುಂದೆ ಕರೆದು ಕೂಡಿಸಿದರೆ ಆ ಓದು ಸಾರ್ಥಕ. ಬಾರದ ಹುಣ್ಣಿಮೆಯನ್ನು ತರಬೇಕಾದವರು ಮನುಷ್ಯರೇ.