ಯುದ್ಧದಲ್ಲಿ ಬದುಕುಳಿದರು, ಜ್ವರಕ್ಕೆ ಬಲಿಯಾದರು: ಕೊಡಗಿನಲ್ಲಿ ಹುಟ್ಟಿದ ಪೈಲಟ್ ಕಥೆ

ಲಂಡನ್ ಮೇಲೆ ಬಾಂಬ್ ಹಾಕಲು ಬಂದಿದ್ದ ಜರ್ಮನಿಯ ವಾಯುನೌಕೆಯನ್ನು ಹೊಡೆದುರುಳಿಸಿ ರಾತ್ರೋರಾತ್ರಿ ಹೀರೋ ಆದವರು ವಿಲಿಯಂ ಲೀಫ್ ರಾಬಿನ್ಸನ್. ಗುಂಡು, ಬೆಂಕಿ, ಶತ್ರುವಿನ ಸೆರೆ ಎಲ್ಲದರಿಂದಲೂ ಪಾರಾಗಿ ಮನೆಗೆ ಮರಳಿದರು. ಆದರೆ ಮೊದಲ ಮಹಾಯುದ್ಧ ನಿಂತ ಏಳು ವಾರಗಳಲ್ಲೇ ಜ್ವರಕ್ಕೆ ಬಲಿಯಾದರು. ಆಗ ಅವರ ವಯಸ್ಸು ಕೇವಲ 23.

ಪಾಲಿಬೆಟ್ಟದ ಕಾಫಿ ತೋಟದಿಂದ ಲಂಡನ್ ಆಗಸಕ್ಕೆ

ರಾಬಿನ್ಸನ್ ಜನಿಸಿದ್ದು 1895ರ ಜುಲೈ 14ರಂದು, ಕೊಡಗಿನಲ್ಲಿ. ಪಾಲಿಬೆಟ್ಟದಲ್ಲಿ ಹೆತ್ತವರಿಗೆ ಕಾಫಿ ತೋಟವಿತ್ತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ನಂತರ ಇಂಗ್ಲೆಂಡ್‌ಗೆ ತೆರಳಿದರು. ಯುದ್ಧ ಶುರುವಾದ ವರ್ಷವೇ ಸೇನೆ ಸೇರಿ, ಬಳಿಕ ಪೈಲಟ್ ಆದರು.

1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಸುಮಾರು 11,500 ಅಡಿ ಎತ್ತರದಲ್ಲಿ ಎಸ್‌ಎಲ್ 11 ಎಂಬ ವಾಯುನೌಕೆ ಅವರಿಗೆ ಎದುರಾಯಿತು. ಎರಡು ಸುತ್ತು ಗುಂಡು ಹಾರಿಸಿದರೂ ಏನೂ ಆಗಲಿಲ್ಲ. ಮೂರನೇ ಸಲ ಒಂದೇ ಜಾಗಕ್ಕೆ ಗುರಿಯಿಟ್ಟಾಗ ನೌಕೆ ಹೊತ್ತಿ ಉರಿಯಿತು. ಅದರಲ್ಲಿದ್ದ 16 ಮಂದಿಯೂ ಸತ್ತರು. ಬ್ರಿಟನ್ ನೆಲದ ಮೇಲೆ ಉರುಳಿದ ಮೊದಲ ಜರ್ಮನ್ ವಾಯುನೌಕೆ ಅದು. ರಾಬಿನ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ಪದಕ ಸಿಕ್ಕಿತು.

ಸೆರೆವಾಸ, ಆಮೇಲೆ ಜ್ವರ

1917ರ ಏಪ್ರಿಲ್ 5ರಂದು ಫ್ರಾನ್ಸ್‌ನಲ್ಲಿ ಅವರ ವಿಮಾನವನ್ನು ಜರ್ಮನ್ನರು ಹೊಡೆದುರುಳಿಸಿದರು. ಅಂದು ಎದುರಾಳಿ ತಂಡದ ನೇತೃತ್ವ ವಹಿಸಿದ್ದವರು 'ರೆಡ್ ಬ್ಯಾರನ್' ಎಂದೇ ಹೆಸರಾದ ರಿಚ್ಟ್‌ಹೋಫನ್. ಸೆರೆ ಸಿಕ್ಕ ರಾಬಿನ್ಸನ್ ಹಲವು ಸಲ ತಪ್ಪಿಸಿಕೊಳ್ಳಲು ಯತ್ನಿಸಿ, ಒಂಟಿ ಕೋಣೆಯ ಶಿಕ್ಷೆ ಅನುಭವಿಸಿದರು. 1918ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್‌ಗೆ ಮರಳುವಾಗ ಅವರ ದೇಹ ಸೊರಗಿತ್ತು. ಸ್ಪ್ಯಾನಿಷ್ ಫ್ಲೂ ತಗುಲಿ ಡಿಸೆಂಬರ್ 31ರಂದು ಕೊನೆಯುಸಿರೆಳೆದರು.

ಯುವಕರೇ ಏಕೆ ಹೆಚ್ಚು ಸತ್ತರು?

ಸಾಮಾನ್ಯ ಫ್ಲೂ ಮಕ್ಕಳು, ವೃದ್ಧರಿಗೆ ಹೆಚ್ಚು ಅಪಾಯಕಾರಿ. ಆದರೆ 1918ರ ಫ್ಲೂ 20ರಿಂದ 40 ವರ್ಷದವರನ್ನೂ ಭಾರಿ ಸಂಖ್ಯೆಯಲ್ಲಿ ಕೊಂದಿತು. ಕಿಕ್ಕಿರಿದ ಸೇನಾ ಶಿಬಿರ, ರೈಲು, ಹಡಗುಗಳಲ್ಲಿ ಸೋಂಕು ಬೇಗ ಹರಡಿತು. ಬಹುತೇಕರ ಜೀವ ತೆಗೆದದ್ದು ಫ್ಲೂ ಬೆನ್ನಿಗೇ ಬರುತ್ತಿದ್ದ ನ್ಯುಮೋನಿಯಾ. ಆಗಿನ್ನೂ ಆ್ಯಂಟಿಬಯೋಟಿಕ್ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಮುಂಬೈ ಬಂದರಿನ ಮೂಲಕ ಭಾರತಕ್ಕೂ ಕಾಲಿಟ್ಟ ಈ ರೋಗ, ಇಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ಪಡೆಯಿತು ಎಂಬ ಅಂದಾಜಿದೆ.

ಇದು ಯುದ್ಧದ ಸಾವೇ?

ಹೌದು ಎನ್ನುತ್ತದೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ನಡುವೆ ಸೇವೆಯಲ್ಲಿದ್ದು ಮೃತಪಟ್ಟವರೆಲ್ಲ, ಕಾರಣ ರೋಗವೇ ಆಗಿದ್ದರೂ, ಅದರ ಪಟ್ಟಿಗೆ ಸೇರುತ್ತಾರೆ. ಸೇವೆಯಿಂದ ಬಿಡುಗಡೆಯಾದವರಾದರೆ, ಸಾವಿಗೆ ಸೇನಾ ಸೇವೆಯೇ ಕಾರಣ ಎಂಬುದು ಸಾಬೀತಾಗಬೇಕು.

ಲಂಡನ್‌ನ ಹ್ಯಾರೋ ವೀಲ್ಡ್‌ನಲ್ಲಿ ರಾಬಿನ್ಸನ್ ಸಮಾಧಿ ಇಂದಿಗೂ ಇದೆ. ಆದರೆ ಈ ಗೌರವ ಎಲ್ಲರಿಗೂ ಸಿಗಲಿಲ್ಲ. ಭಾರತ, ಆಫ್ರಿಕಾ ಮೂಲದವರೂ ಸೇರಿದಂತೆ ಕನಿಷ್ಠ 45 ಸಾವಿರ ಮಂದಿಯ ಸ್ಮರಣೆಯಲ್ಲಿ ತಾರತಮ್ಯವಾಗಿದೆ ಎಂದು ಕಮಿಷನ್ ಪ್ರಕಟಿಸಿದ 2021ರ ವರದಿ ಹೇಳಿತು. ಇದಕ್ಕಾಗಿ ಕಮಿಷನ್ ಕ್ಷಮೆಯನ್ನೂ ಕೋರಿದೆ.