ಮುಪ್ಪಿನಲ್ಲೂ ತೋಟ ಸುತ್ತುವಂತಿರಲು: ಬೆಳೆಗಾರರ ಊಟ ಮತ್ತು ವ್ಯಾಯಾಮ

ಗೊಬ್ಬರ, ಬೋರ್ಡೋ ದ್ರಾವಣ, ಮರಗಸಿ, ಮಾರುಕಟ್ಟೆಯ ಧಾರಣೆ ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಬರೆಯುತ್ತಲೇ ಬಂದಿದ್ದೇವೆ. ತೋಟದ ಮುಖ್ಯ ಆಸ್ತಿಯೊಂದರ ಬಗ್ಗೆ ಮಾತ್ರ ಬರೆದದ್ದು ಕಡಿಮೆ. ಅದು ತೋಟ ನೋಡಿಕೊಳ್ಳುವ ಯಜಮಾನನ ಮತ್ತು ಯಜಮಾನಿತಿಯ ದೇಹ.

ಸಂಘದ ವಾರ್ಷಿಕ ಸಭೆಗೆ ಬರುವ ಸದಸ್ಯರತ್ತ ಒಮ್ಮೆ ಕಣ್ಣು ಹಾಯಿಸಿದರೆ ನರೆತ ತಲೆಗಳೇ ಹೆಚ್ಚು ಕಾಣುತ್ತವೆ. ಅನೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ಉದ್ಯೋಗದಲ್ಲಿದ್ದಾರೆ. ಎರಡೆಕರೆ ಅಡಿಕೆ, ಮೂರೆಕರೆ ಕಾಫಿ ಇರುವವರಿಗೆ ಮೇಸ್ತ್ರಿ ಇಟ್ಟು ತೋಟ ನಡೆಸುವುದು ಎಟುಕುವ ಮಾತಲ್ಲ. ಯಜಮಾನ ತೋಟಕ್ಕೆ ಇಳಿಯುವುದು ನಿಂತ ವರ್ಷವೇ ಬಸಿಗಾಲುವೆ ಹೂಳುತ್ತದೆ. ಬಿಳಿ ಕಾಂಡಕೊರಕ ತಗುಲಿದ ಗಿಡ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಕೊಳೆ ಔಷಧಿ ಒಂದು ವಾರ ತಡವಾಗುತ್ತದೆ. ನಾಲ್ಕಾರು ವರ್ಷಗಳಲ್ಲಿ ತೋಟ ಗೇಣಿಗೋ ಮಾರಾಟಕ್ಕೋ ಬರುತ್ತದೆ. ಆದುದರಿಂದ ಸಣ್ಣ ಬೆಳೆಗಾರನ ಕಾಲಿನ ಬಲವೆಂಬುದು ಅವನ ಸ್ವಂತ ವಿಚಾರ ಮಾತ್ರವಲ್ಲ, ತೋಟದ ಆಯುಸ್ಸಿನ ವಿಚಾರವೂ ಹೌದು.

ತೋಟದ ಕೆಲಸವೇ ವ್ಯಾಯಾಮವಲ್ಲವೇ?

ಈ ಮಾತನ್ನು ನಮ್ಮ ಸದಸ್ಯರು ಪದೇ ಪದೇ ಹೇಳುತ್ತಾರೆ. ನಮ್ಮ ಹಿರಿಯರ ಕಾಲಕ್ಕೆ ಅದು ನಿಜವಾಗಿತ್ತು. ಅವರು ಸೊಪ್ಪಿನ ಬೆಟ್ಟ ಹತ್ತಿ ಹೊರೆ ಹೊತ್ತು ತಂದರು, ಪೇಟೆಗೆ ನಡೆದೇ ಹೋದರು. ಇಂದು ಕಳೆ ಕೊಚ್ಚಲು ಯಂತ್ರವಿದೆ, ಅಡಿಕೆ ಸುಲಿಯಲು ಯಂತ್ರವಿದೆ, ಗೊಬ್ಬರ ಸಾಗಿಸಲು ಮೋಟಾರು ಗಾಡಿಯಿದೆ. ಮೊಬೈಲ್ ಒತ್ತಿದರೆ ಹೊಳೆಬದಿಯ ಪಂಪು ಚಾಲೂ ಆಗುತ್ತದೆ. ಕೂಲಿಯಾಳುಗಳ ಕೊರತೆಯಿರುವಾಗ ಇವೆಲ್ಲ ಬೇಕು, ನಿಜ. ಆದರೆ ಕೆಲಸವನ್ನು ಯಂತ್ರ ವಹಿಸಿಕೊಂಡಿತು, ಊಟದ ತಟ್ಟೆ ಮಾತ್ರ ಹಿಂದಿನ ಅಳತೆಯಲ್ಲೇ ಉಳಿಯಿತು.

1953ರಲ್ಲಿ ಲಂಡನ್ನಿನ ವೈದ್ಯ ಜೆರಿಮಿ ಮಾರಿಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಅವರು ಹೋಲಿಸಿ ನೋಡಿದ್ದರು. ಚಾಲಕರು ದಿನವಿಡೀ ಕುಳಿತೇ ಇರುವವರು. ನಿರ್ವಾಹಕರು ಟಿಕೇಟು ಕೊಡಲು ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತುವವರು. ಹೃದಯಾಘಾತ ನಿರ್ವಾಹಕರಲ್ಲಿ ಕಡಿಮೆ ಕಂಡುಬಂತು. ನಂತರದ ಅನೇಕ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಜೀಪಿನಲ್ಲೋ ಸ್ಕೂಟರಿನಲ್ಲೋ ಕಣದವರೆಗೆ ಹೋಗಿ, ಕುರ್ಚಿಯಲ್ಲಿ ಕುಳಿತು ಕೆಲಸ ಹೇಳುವ ಯಜಮಾನ ಆ ಬಸ್ಸಿನ ಚಾಲಕನಂತೆ. ಬುಟ್ಟಿ ಹೊತ್ತು ಹತ್ತಿಳಿಯುವ ಆಳು ನಿರ್ವಾಹಕನಂತೆ.

ಇನ್ನೊಂದು ತೊಡಕೂ ಇದೆ. ತೋಟದ ಕೆಲಸ ಋತುಮಾನದ್ದು. ಅಡಿಕೆ ಕೊಯ್ಲು, ಅರೇಬಿಕಾ, ಆಮೇಲೆ ರೋಬಸ್ಟಾ ಎಂದು ಚಳಿಗಾಲವೆಲ್ಲ ಬಿಡುವಿರುವುದಿಲ್ಲ. ಮಳೆ ಹಿಡಿದ ಮೂರು ತಿಂಗಳು ಜಗಲಿ ಬಿಟ್ಟು ಏಳುವುದಿಲ್ಲ. ವಯಸ್ಸಾದ ದೇಹ ಈ ಏರಿಳಿತವನ್ನು ತಾಳಲಾರದು. ಮಳೆಗಾಲದಲ್ಲಿ ಕಳೆದುಕೊಂಡ ಕಸುವು ಕೊಯ್ಲಿನ ಹೊತ್ತಿಗೆ ತಾನಾಗಿಯೇ ಮರಳುವುದಿಲ್ಲ.

ಸ್ನಾಯು ಕರಗುವುದನ್ನು ತಡೆಯಬಹುದೇ?

ಸುಮಾರು 30ನೆಯ ವಯಸ್ಸಿನಿಂದಲೇ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. 60ರ ನಂತರ ಆ ವೇಗ ಹೆಚ್ಚುತ್ತದೆ. ಕೆಳಗೆ ಕುಳಿತವರು ಕೈಯೂರಿ ಏಳುವುದು, ಏರು ಹತ್ತುವಾಗ ನಡುವೆ ನಿಲ್ಲುವುದು ಇದರ ಲಕ್ಷಣಗಳು. ‘ವಯಸ್ಸಾಯಿತು, ಇನ್ನೇನು’ ಎಂದು ಕೈಬಿಡುವುದು ಸರಿಯಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧರ ಶುಶ್ರೂಷಾಲಯದಲ್ಲಿ ನಡೆದ ಪ್ರಯೋಗದ ವರದಿ ಪ್ರಕಟವಾಯಿತು. 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದ್ದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. 90ರಲ್ಲಿ ಸಾಧ್ಯವಾದದ್ದು ನಮ್ಮ 65ರಲ್ಲಿ ಆಗದೆ?

ಮಾಡಬೇಕಾದದ್ದು ಏನು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ಮೂರು ಮಾತು ಹೇಳಿದೆ. ಒಂದು, ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ಎರಡು, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೂರು, ವಾರಕ್ಕೆ ಮೂರು ದಿನ ಸಮತೋಲ ಸಾಧಿಸುವ ವ್ಯಾಯಾಮ. ಇದನ್ನು ನಮ್ಮ ಮನೆ ಅಂಗಳಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು.

ನಡಿಗೆ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ಗಿಡ ಗಿಡದ ಬುಡದಲ್ಲಿ ನಿಂತು ನೋಡುತ್ತಾ ಹೋಗುವುದು ತೋಟಕ್ಕೆ ಒಳ್ಳೆಯದು, ಆದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಉಸಿರು ಸ್ವಲ್ಪ ಜೋರಾಗಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಹಾಲಿನ ಡೈರಿಗೋ ಸೊಸೈಟಿಗೋ ನಡೆದು ಹೋಗಿ ಬಂದರೆ ಅರ್ಧ ಕೆಲಸ ಆದಂತೆ. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ಗಡಿಯಾರ ನೋಡಿ ನಡೆಯಿರಿ.

ಬಲ: ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಒಂದು ಸಲಕ್ಕೆ ಹತ್ತರಂತೆ ಎರಡು ಸಲ. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದು. ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತುವುದು. ಇವಕ್ಕೆ ಖರ್ಚಿಲ್ಲ. ಹಗುರವೆನಿಸಿದಾಗ ಎಣಿಕೆಯನ್ನು ಹೆಚ್ಚಿಸುತ್ತಾ ಹೋಗಬೇಕು.

ಸಮತೋಲ: ಕಂಬದ ಪಕ್ಕ ನಿಂತು ಒಂದು ಕಾಲು ಎತ್ತಿ ಹತ್ತು ಸೆಕೆಂಡು ನಿಲ್ಲಲು ನೋಡಿ. ಬ್ರೆಜಿಲ್ ದೇಶದಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಹೀಗೆ ಪರೀಕ್ಷಿಸಿ, ಸರಾಸರಿ ಏಳು ವರ್ಷ ಗಮನಿಸಿದ ವರದಿ 2022ರಲ್ಲಿ ಪ್ರಕಟವಾಗಿದೆ. ಹತ್ತು ಸೆಕೆಂಡು ನಿಲ್ಲಲಾಗದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಒಂಟಿಕಾಲಲ್ಲಿ ನಿಂತ ಮಾತ್ರಕ್ಕೆ ಆಯುಸ್ಸು ಬೆಳೆಯುವುದಿಲ್ಲ, ಆದರೆ ದೇಹದ ಸ್ಥಿತಿಗೆ ಅದೊಂದು ಅಳತೆಗೋಲು.

ಯೋಗಾಸನ ರೂಢಿಯಿರುವವರು ಅದನ್ನು ಬಿಡಬಾರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಸೊರಗಿದ್ದವರು. ಅಂಥವರು ಇಳಿವಯಸ್ಸಿನವರೆಗೂ ಆಸನ ಮಾಡುತ್ತಾ, 2014ರಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೊಸದಾಗಿ ವ್ಯಾಯಾಮ ಆರಂಭಿಸುವವರು, ಅದರಲ್ಲೂ ಎದೆನೋವು, ಉಬ್ಬಸ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಬೀಳದಂತೆ ನೋಡಿಕೊಳ್ಳಿ

ಮುಪ್ಪಿನಲ್ಲಿ ಒಂದು ಬಿದ್ದ ಪೆಟ್ಟು ಹತ್ತು ವರ್ಷದ ಕಾಯಿಲೆಗೆ ಸಮ. ಸೊಂಟದ ಮೂಳೆ ಮುರಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ಮಲೆನಾಡಿನಲ್ಲಿ ಜಾರುವ ಜಾಗಗಳಿಗೆ ಬರವಿಲ್ಲ. ಅಂಗಳದ ಪಾಚಿಯನ್ನು ಮಳೆಗಾಲದಲ್ಲಿ ಆಗಾಗ ಉಜ್ಜಿ ತೆಗೆಸಬೇಕು. ಕಾಲುವೆ ದಾಟಲು ಒಂದೇ ಅಡಿಕೆ ಮರ ಹಾಕಿದ ಸಂಕವಿದ್ದರೆ, ಎರಡು ಮೂರು ಮರ ಜೋಡಿಸಿ ಹಿಡಿಯಲು ಕೈಗಂಬ ಕಟ್ಟಿಸಬೇಕು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪವಿರಲಿ. ಅಡಿ ಸವೆದ ಚಪ್ಪಲಿಯನ್ನು ಎಸೆಯಿರಿ. ಕೈಯಲ್ಲಿ ದೊಣ್ಣೆ ಹಿಡಿಯುವುದು ನಾಚಿಕೆಯ ವಿಷಯವಲ್ಲ. 60 ದಾಟಿದ ಮೇಲೆ ಏಣಿ ಹತ್ತಿ ಮೆಣಸು ಕೊಯ್ಯುವ ಹುಮ್ಮಸ್ಸು ಮಾತ್ರ ಬೇಡ.

ಊಟ ಬಲ್ಲವನಿಗೆ ರೋಗವಿಲ್ಲ

ಈ ಗಾದೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಊಟದ ಲೆಕ್ಕ ನೋಡಿ. ಬೆಳಗ್ಗೆ ದೋಸೆ, ಕಡುಬು ಅಥವಾ ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅಂದರೆ ಮೂರು ಹೊತ್ತೂ ಅಕ್ಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ ಲೀಟರ್ ಇರಬೇಕು. ನಮ್ಮಲ್ಲಿ ಅನ್ನದ ರಾಶಿಯ ಬದಿಯಲ್ಲಿ ಪಲ್ಯ ಒಂದು ಚಮಚವಿರುತ್ತದೆ. ಅದನ್ನು ತಿರುಗುಮುರುಗು ಮಾಡುವುದೇ ಮೊದಲ ಹೆಜ್ಜೆ.

ಸ್ನಾಯು ಉಳಿಯಬೇಕಾದರೆ ಸಸಾರಜನಕ ಬೇಕು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂ ಅಥವಾ ತುಸು ಹೆಚ್ಚು ಬೇಕೆಂಬುದು ತಜ್ಞರ ಸಲಹೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 60 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದ ಅಳತೆಯಲ್ಲೇ ಇರಬೇಕು. ತಿಳಿ ಸಾರಿನಲ್ಲಿ ಬೇಳೆ ಹುಡುಕಬೇಕಾದ ಸ್ಥಿತಿಯಿದ್ದರೆ ಇಷ್ಟು ಸಸಾರಜನಕ ಸಿಗುವುದಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಹುರುಳಿ, ಹೆಸರು, ಅಲಸಂದೆ, ಕಡಲೆಕಾಳುಗಳನ್ನು ನೆನೆಸಿ ಮೊಳಕೆ ಬರಿಸಿ ದಿನಕ್ಕೊಂದು ಬಗೆಯಲ್ಲಿ ಬಳಸಬಹುದು. ಮೊಟ್ಟೆ, ಮೀನು ತಿನ್ನುವವರಿಗೆ ಅದು ಇನ್ನೂ ಸುಲಭ. ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ಹಾಲು ಮೊಸರಿನಿಂದ ಮಾತ್ರ ಸಿಗುವುದರಿಂದ ಕೈಕಾಲು ಜೋಮು, ಮರೆವು ಕಾಣಿಸಿದರೆ ರಕ್ತಪರೀಕ್ಷೆ ಮಾಡಿಸಬೇಕು.

ಮನೆಯ ಹೆಂಗಸರ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬಿಳಿ ಅಕ್ಕಿಯಲ್ಲಿ ಅದು ತೀರಾ ಅಲ್ಪ. ವಾರದಲ್ಲಿ ನಾಲ್ಕು ದಿನವಾದರೂ ಒಂದು ಹೊತ್ತು ರಾಗಿ ಬರಲಿ, ಮೊಸರಿನ ಪಾಲು ಅವರಿಗೂ ಸಿಗಲಿ. ಮೇಲೆ ಹೇಳಿದ ವ್ಯಾಯಾಮವೂ ಅವರಿಗೆ ಅಷ್ಟೇ ಅನ್ವಯಿಸುತ್ತದೆ.

ಸೊಪ್ಪು ತರಕಾರಿಗೆ ಪೇಟೆಗೆ ಓಡಬೇಕಿಲ್ಲ. ಒಂದೆಲಗದ ತಂಬುಳಿ, ನುಗ್ಗೆ ಸೊಪ್ಪು, ಬಸಳೆ, ಬಾಳೆದಿಂಡು, ಎಳೆ ಹಲಸು ಇವೆಲ್ಲ ನಮ್ಮ ಹಿತ್ತಿಲಿನವೇ. ಉಪ್ಪು ಮಾತ್ರ ಕೈ ಮೀರುತ್ತಿದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕೆನ್ನುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಇವು ಹಬ್ಬಕ್ಕಿರಲಿ, ದಿನನಿತ್ಯಕ್ಕೆ ಬೇಡ.

ನಾವು ಬೆಳೆಯುವ ಎರಡು ಬೆಳೆಗಳು

ಕಾಫಿಯ ಬಗ್ಗೆ ಒಳ್ಳೆಯ ಸುದ್ದಿಯಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಎಲ್ಲವನ್ನೂ ಮತ್ತೆ ಪರಿಶೀಲಿಸಿ ಆ ಪಟ್ಟಿಯಿಂದ ತೆಗೆಯಿತು. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಕೆಡುಕು ಮಾಡುವ ಸಂಭವವಿದೆಯೆಂದು ಮಾತ್ರ ಎಚ್ಚರಿಸಿತು. ಆದುದರಿಂದ ಕಾಫಿ ಕುಡಿಯಿರಿ, ತುಸು ಆರಿಸಿ ಕುಡಿಯಿರಿ, ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಬೇಡ. ಏಕೆಂದರೆ ಅದು ಆಹಾರದ ಕಬ್ಬಿಣದಂಶ ಮೈಗೆ ಹತ್ತದಂತೆ ಮಾಡುತ್ತದೆ. ಸಮಸ್ಯೆಯಿರುವುದು ಸಕ್ಕರೆಯಲ್ಲಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40 ಗ್ರಾಂ ಮೀರುತ್ತದೆ. ದಿನದ ಮಿತಿ 25 ಗ್ರಾಂ. ಬೆಲ್ಲ ಹಾಕಿದರೂ ಲೆಕ್ಕ ಅದೇ.

ಇನ್ನು ಅಡಿಕೆ. ಇದನ್ನು ಬೆಳೆಗಾರರ ಪತ್ರಿಕೆಯಲ್ಲಿ ಬರೆಯುವುದು ಸುಲಭವಲ್ಲ. ಆದರೆ ಕಾಫಿಯ ಪರವಾಗಿ ಮಾತಾಡಿದ ಅದೇ ಸಂಸ್ಥೆ ಅಡಿಕೆಯ ವಿಷಯದಲ್ಲಿ ಬೇರೆ ಮಾತು ಹೇಳಿದೆ. ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದೂ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದೂ ಅದರ 2004ರ ವರದಿಯಲ್ಲಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ಒಂದು ಮಾತನ್ನು ಸಂತೋಷದಿಂದ ಸ್ವೀಕರಿಸಿ, ಇನ್ನೊಂದಕ್ಕೆ ಕಿವಿ ಮುಚ್ಚಿಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ. ಬೆಳೆಯ ಮಾತು ಬೇರೆ, ಬಾಯಿಯ ಮಾತು ಬೇರೆ. ಶುಭಕಾರ್ಯದ ತಟ್ಟೆಯಲ್ಲಿ ತಾಂಬೂಲವಿರಲಿ. ದಿನವಿಡೀ ಜಗಿಯುವ ಚಟ ಹೋಗಲಿ. ಹೊಗೆಸೊಪ್ಪನ್ನಂತೂ ಇಂದೇ ಬಿಡಬೇಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಕೊನೆಯ ಮಾತು

ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ ಎಂದು ನಾವು ಹೇಳುತ್ತಿರುತ್ತೇವೆ. ದೇಹಕ್ಕೂ ಅದೇ ನಿಯಮ. ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಎರಡೂ ನೋವಿಲ್ಲದೆ ಬೆಳೆಯುವ ಕಾಯಿಲೆಗಳು. ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸದೆ ಅವು ತಿಳಿಯುವುದಿಲ್ಲ. ಕೊಟ್ಟ ಮಾತ್ರೆಯನ್ನು ಹುಷಾರಾಯಿತೆಂದು ನಿಲ್ಲಿಸಬಾರದು. ಸಂಘದ ಕಚೇರಿಯಲ್ಲಿ ರಕ್ತದೊತ್ತಡ ನೋಡುವ ಯಂತ್ರವೊಂದನ್ನು ಇಡುವ ವಿಚಾರವನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ತರಲಿದ್ದೇವೆ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ.

ಇಷ್ಟನ್ನೆಲ್ಲ ಒಂದೇ ದಿನಕ್ಕೆ ಹಿಡಿಯಬೇಕೆಂದಿಲ್ಲ. ಈ ವಾರ ಕಾಫಿಗೆ ಒಂದು ಚಮಚ ಸಕ್ಕರೆ ಕಡಿಮೆ ಮಾಡಿ, ದಿನಕ್ಕೆ ಹತ್ತು ಸಲ ಕುರ್ಚಿಯಿಂದ ಎದ್ದು ಕೂರಿ. ಮುಂದಿನ ವಾರ ಅರ್ಧ ಗಂಟೆಯ ನಡಿಗೆ ಸೇರಿಸಿ. ಇಂದು ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅದರ ಮೊದಲ ಗೊನೆಯನ್ನು ನೆಟ್ಟವರೇ ತೋಟಕ್ಕೆ ನಡೆದು ಹೋಗಿ ನೋಡುವಂತಾಗಲಿ ಎಂಬುದು ನಮ್ಮ ಹಾರೈಕೆ.